ಕೆಮ್ಮಿಗೆ ಹಾಲಿಳಿಸುವ ವಂಶ

ಚೊಚ್ಚಲು ಹಸು ಬೆಳಿಗ್ಗೆ ಒಂದು ತೊಟ್ಟು ಹಾಲೂ ಕೊಡಲಿಲ್ಲ. ಹೊಸಬನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಡೈರಿ ಫಾರ್ಮಿನಲ್ಲಿ ಎಲ್ಲರೂ ಅವನನ್ನು ಹೊಸಬ ಎಂದೇ ಕರೆಯುತ್ತಿದ್ದರು. ಹಾಲು ಕರೆಯುವ ಕೆಲಸ ಸಿಕ್ಕಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಅವನ ಪಾಲಿಗೆ ಬಂದ ಹಸುವೋ, ರಕ್ತಪರೀಕ್ಷೆಯಲ್ಲಿ ಇಡೀ ಕೊಟ್ಟಿಗೆಗೇ ಮೊದಲು ಬಂದದ್ದು. "ಇದರ ಜೀನ್‌ನಲ್ಲಿ ಒಂದು ಸಣ್ಣ ವ್ಯತ್ಯಾಸ ಇದೆ. ಅದಕ್ಕೇ ಹಾಲೂ ಜಾಸ್ತಿ, ಕೊಬ್ಬೂ ಜಾಸ್ತಿ ಬರಬೇಕು," ಎಂದು ಪ್ರಯೋಗಾಲಯದ ಮೇಡಂ ಹೇಳಿದ್ದರು. ಬರಬೇಕಾದದ್ದು ಕೆಚ್ಚಲಲ್ಲೇ ಕುಳಿತಿತ್ತು. ಕರು ಬಿಟ್ಟರು, ಯಂತ್ರ ಹಚ್ಚಿದರು. ಹಸು ಬಾಗಿಲು ಹಾಕಿದ ಅಂಗಡಿಯ ಹಾಗೆ ನಿಂತಿತ್ತು.

"ಸಂಜೆಯೊಳಗೆ ಹಾಲು ಇಳಿಸಲಿಲ್ಲ ಅಂದ್ರೆ ಅದನ್ನ ಮಾರಿಬಿಡ್ತೀನಿ," ಎಂದರು ಮ್ಯಾನೇಜರ್. "ನೀನೂ ಬೇರೆ ಕಡೆ ಕೆಲಸ ನೋಡ್ಕೋ."

ಮೇವಿನ ಗಾಡಿಯ ಡ್ರೈವರ್ ಹತ್ತಿರ ಬಂದು ದನಿ ತಗ್ಗಿಸಿದ. "ಇದರ ಅಮ್ಮ, ಅಜ್ಜಿ ಎರಡೂ ಹೀಗೇ ಕಣೋ. ಹಳೇ ಮೇಸ್ತ್ರಿ ಪಕ್ಕದಲ್ಲಿ ನಿಂತು ಕೆಮ್ಮಿದ್ರೇನೇ ಹಾಲು ಇಳಿಸ್ತಿದ್ವು."

"ಮೇಸ್ತ್ರಿ ಎಲ್ಲಿದಾರೆ?"

"ಇದು ಹುಟ್ಟೋಕೆ ಮುಂಚೇನೇ ತೀರ್ಕೊಂಡ್ರು. ಅವರ ಮನೆಯವರು ಇನ್ನೂ ಈ ಕೊಟ್ಟಿಗೆ ಹಿಂದಿನ ಮನೇಲೇ ಇದಾರೆ."

ಮೇಡಂ ನಕ್ಕರು. "ಕೊಬ್ಬಿನ ಪ್ರಮಾಣ ರಕ್ತದಲ್ಲಿ ಬರುತ್ತೆ. ಅಂಜುಬುರುಕುತನ ಕೂಡ ಸ್ವಲ್ಪ ಬರಬಹುದು. ಸತ್ತವರ ಕೆಮ್ಮಿನ ನೆನಪು ಹೇಗ್ರೀ ಬರುತ್ತೆ?"

ಆದರೂ ಮಧ್ಯಾಹ್ನದ ಹೊತ್ತಿಗೆ ಫಾರ್ಮಿನವರೆಲ್ಲ ಕೊಟ್ಟಿಗೆಯಲ್ಲಿ ಸೇರಿದ್ದರು. ಹೊಸಬ ಕೆಮ್ಮಿದ. ಹಸು ಬಾಲ ಬೀಸಿ ಅವನ ಕೆನ್ನೆಗೆ ಬಾರಿಸಿತು. "ಹೆಣ್ಣು ನೋಡೋಕೆ ಹೋದವನ ಹಾಗೆ ಕೆಮ್ತೀಯಲ್ಲೋ, ಸರಿ ಆಚೆ," ಎಂದು ಗುಮಾಸ್ತ ಮುಂದೆ ಬಂದು ಕೆಮ್ಮಿದ. ಡ್ರೈವರ್ ಹೊಟ್ಟೆಯಾಳದಿಂದ ಕೆಮ್ಮಿದ. ಕಾವಲುಗಾರ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ದಾರಿಹೋಕರಿಗೆ ಅದು ಕ್ಷಯದ ಆಸ್ಪತ್ರೆಯಂತೆ ಕೇಳಿಸಿರಬೇಕು.

ಹಸು ಮಾತ್ರ ಇವರ್ಯಾರನ್ನೂ ನೋಡುತ್ತಿರಲಿಲ್ಲ. ಖಾಲಿ ಮೂಲೆಯೊಂದನ್ನು, ಅಲ್ಲಿಗೆ ಯಾರೋ ಬರುವುದಿದೆ ಎಂಬಂತೆ, ಎವೆಯಿಕ್ಕದೆ ನೋಡುತ್ತಿತ್ತು. ಅದನ್ನು ಗಮನಿಸಿ ಒಬ್ಬೊಬ್ಬರಾಗಿ ಕೆಮ್ಮು ನಿಲ್ಲಿಸಿದರು.

"ಜನ ಜಾಸ್ತಿಯಾಗಿ ಹೆದರಿದೆ. ಎಲ್ಲರೂ ಆಚೆ ನಡೀರಿ," ಎಂದರು ಮೇಡಂ.

ಹೊಸಬ ಒಬ್ಬನೇ ಉಳಿದ. ಬಕೆಟ್ಟನ್ನು ಮಂಡಿಗಳ ನಡುವೆ ಇಟ್ಟು, ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ ಕುಳಿತ. ಮೆಲುಕು ನಿಂತಿತು. ನೊಣಗಳ ಗುಂಯ್‌ಗುಡುವಿಕೆಯೂ ನಿಂತಿತು. ಹಳಸಿದ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಅವನ ಕಿವಿಯ ಹಿಂದೆಯೇ ಯಾರೋ ಕೆಮ್ಮಿದರು. ಆತುರವಿಲ್ಲದ, ಕಫ ಕಟ್ಟಿದ, ಮುದುಕರ ಕೆಮ್ಮು. ಕತ್ತಿಗೆ ತಣ್ಣನೆಯ ಉಸಿರು ತಾಗಿತು.

ಅವನ ಬೆರಳು ಮುಟ್ಟುವ ಮೊದಲೇ ನಾಲ್ಕೂ ಮೊಲೆಗಳಿಂದ ಹಾಲು ಸುರಿಯಿತು. ತಿರುಗಿ ನೋಡುವ ಧೈರ್ಯವಿಲ್ಲದೆ ಅವನು ಕರೆದೇ ಕರೆದ. ಬಕೆಟ್ ತುಂಬಿ ಚಪ್ಪಲಿಯ ಮೇಲೆ ಹರಿದರೂ ಕರೆದ.

ಹೊರಗೆ ಬಂದಾಗ ಅವನ ಮುಖವೂ ಬಕೆಟ್ಟಿನ ಹಾಲೂ ಒಂದೇ ಬಣ್ಣವಾಗಿದ್ದವು.

"ನಾನು ಕೆಮ್ಮಲಿಲ್ಲ ಸಾರ್," ಎಂದ.

"ನಾವೆಲ್ಲ ಕೇಳಿಸ್ಕೊಂಡ್ವಲ್ಲಯ್ಯ. ಈ ಕೆಮ್ಮನ್ನ ಬೆಳಿಗ್ಗೆಯೇ ಕೆಮ್ಮೋಕೆ ಏನಾಗಿತ್ತು?" ಮ್ಯಾನೇಜರ್ ಬೆನ್ನು ತಟ್ಟಿದರು. "ಇವತ್ತಿಂದ ನೀನು ಖಾಯಂ. ಈ ಕೊಟ್ಟಿಗೆ ನಿನ್ನದೇ."

ಅಷ್ಟರಲ್ಲಿ ಹಿಂದಿನ ಮನೆಯಿಂದ ಮೇಸ್ತ್ರಿಯ ಹೆಂಡತಿ ಲೋಟದಲ್ಲಿ ಬಿಸಿನೀರು ಹಿಡಿದು ಬಂದರು. ಯಾರ ಕಡೆಗೂ ನೋಡದೆ ನೇರವಾಗಿ ಕೊಟ್ಟಿಗೆಯೊಳಗೆ ಹೋದರು. ಒಳಗಿಂದ ಗದರುವ ದನಿ ಕೇಳಿಸಿತು.

"ಇಷ್ಟು ಕೆಮ್ಮು ಇಟ್ಕೊಂಡು ಓಡಾಡ್ತೀರಲ್ಲ, ಮನೆಗೆ ಬಂದು ಒಂದು ಗುಟುಕು ನೀರು ಕುಡೀಬಾರ್ದಾ? ಈ ಹಸುಗಳ ಹುಚ್ಚು ಇನ್ನೂ ಬಿಟ್ಟಿಲ್ವಲ್ರೀ."

ಹೊರಗೆ ಬಂದಾಗ ಲೋಟ ಖಾಲಿಯಾಗಿತ್ತು. ಆಕೆ ಹೊಸಬನ ಮುಂದೆ ನಿಂತು ಅವನ ಕೈಗಳನ್ನೇ ನೋಡಿದರು.

"ನಿನ್ನ ಹಿಡಿತ ತುಂಬ ಬಿಗಿಯಂತೆ ಕಣಪ್ಪ, ಹಸುಗೆ ನೋಯುತ್ತಂತೆ. ಬೆಳಿಗ್ಗೆ ಬೇಗ ಬಾ. ದಿನಾ ಪಕ್ಕದಲ್ಲೇ ನಿಂತು ಹೇಳಿಕೊಡ್ತಾರಂತೆ."