ನಮ್ಮ ಬೀದಿಯ ವೋಲ್ಟೇಜು ಸರಿಹೋದದ್ದರ ಬಗ್ಗೆ ತೀವ್ರ ಆಕ್ಷೇಪಣೆ

ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ತಂಪಾಗಿ ವಿರಾಜಮಾನರಾಗಿರುವ ಮುಖ್ಯ ಎಂಜಿನಿಯರ್ ಮಹೋದಯರಿಗೆ,

ಮಾನ್ಯರೇ,

ತಮ್ಮ ಕೊಠಡಿಯ ದೀಪಗಳು ಮಿಣುಕದೆ, ಏಸಿ ಗೊರಕೆ ಹೊಡೆಯದೆ, ತಾವು ಸಕುಟುಂಬ ಕ್ಷೇಮವಾಗಿರುವಿರೆಂದು ನಂಬಿ, ಮಾರ್ಗದ ಕಟ್ಟಕಡೆಯ ಕಂಬದಿಂದ, ಅಂದರೆ ತಮ್ಮ ಕರೆಂಟು ಏದುಸಿರು ಬಿಡುತ್ತ ಬಂದು ಮುಟ್ಟುವ ಜಾಗದಿಂದ, ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾನೂ ನನ್ನ ಅತ್ತಿಗೆಯೂ ಸೇರಿ ಇಲ್ಲೊಂದು ಲಾಂಡ್ರಿ ನಡೆಸುತ್ತೇವೆ. ಪಕ್ಕದ ಹೆರಿಗೆ ಆಸ್ಪತ್ರೆಯ ಹಾಸುಬಟ್ಟೆಯೆಲ್ಲ ನಮ್ಮಲ್ಲಿಗೇ ಬರುತ್ತದೆ. ಅದು ಹೊತ್ತಿಗೆ ಸರಿಯಾಗಿ ಒಗೆದು ತಲುಪದಿದ್ದರೆ ಅಲ್ಲಿ ಆಗತಾನೆ ಹುಟ್ಟಿದವರಿಗೆ ಈ ಲೋಕದ ಮೇಲೆ ಮೊದಲ ದಿನವೇ ಬೇಸರ ಬಂದೀತು.

ವೋಲ್ಟೇಜಿಗೆ ಮೇಲೊಂದು ಮಿತಿ, ಕೆಳಗೊಂದು ಮಿತಿ ಇರತಕ್ಕದ್ದೆಂಬ ತಮ್ಮದೇ ನಿಯಮವನ್ನು ತಾವು ಎಷ್ಟು ಧಾರಾಳವಾಗಿ ಪಾಲಿಸಿದಿರೆಂದರೆ, ನಮಗೆ ದಿನವೂ ಎರಡೂ ಮಿತಿಗಳ ಆಚೆಗಿನ ಲೋಕದರ್ಶನವಾಗುತ್ತಿತ್ತು. ಮಧ್ಯಾಹ್ನ ತಾರಸಿಗಳ ಮೇಲಿನ ಸೋಲಾರ್ ಫಲಕಗಳೆಲ್ಲ ಒಟ್ಟಿಗೆ ಕರೆಂಟು ಸುರಿಯುವಾಗ ಬಳಸುವವರಿಲ್ಲದೆ ವೋಲ್ಟೇಜು ತಾರಕಕ್ಕೇರಿ ಬಲ್ಬುಗಳು ಪ್ರಾಣ ಬಿಡುತ್ತಿದ್ದವು. ಸಂಜೆ ಎಲ್ಲರೂ ಒಮ್ಮೆಗೇ ಸ್ವಿಚ್ಚು ಹಾಕಿದರೆ ಅದೇ ವೋಲ್ಟೇಜು ನೆಲ ಕಚ್ಚುತ್ತಿತ್ತು. ಅಂಥದೊಂದು ಸಂಜೆ ನಮ್ಮ ಒಗೆಯುವ ಯಂತ್ರ ತಿರುಗಲಾರದೆ ಗುಂಯ್‌ಗುಟ್ಟುತ್ತ ನಿಂತು ಮೋಟಾರು ಸುಟ್ಟುಕೊಂಡಿತು. ಅತ್ತಿಗೆ ಹಾಸುಬಟ್ಟೆಗಳನ್ನು ಬಚ್ಚಲಿಗೆ ಹೊತ್ತೊಯ್ದು ಕೈಯಲ್ಲೇ ಒಗೆಯಲು ಕೂತರು. ಹೊಸ ಮೋಟಾರು ಬರುವ ತನಕ ಹಾಗೇ ಒಗೆದರು. ಸೋಪಿಗೆ ಅವರ ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು.

ನಮ್ಮ ದೂರಿಗೆ ಓಗೊಟ್ಟು ತಾವು ಕಳಿಸಿದ ಅಧಿಕಾರಿಗಳು, ಬಿಸಿಲೂ ಏರಿರದ, ಯಾರೂ ಸ್ವಿಚ್ಚು ಮುಟ್ಟಿರದ ಹೊತ್ತು ನೋಡಿಯೇ ಬಂದು, ಮೀಟರು ಹಿಡಿದು, “ಎಲ್ಲ ಮಿತಿಯೊಳಗೇ ಇದೆಯಲ್ಲಮ್ಮ” ಎಂದರು. ಸಂಜೆ ಬಂದು ನೋಡಿ ಎಂದು ಅತ್ತಿಗೆ ಕೇಳಿಕೊಂಡಾಗ, ಸಂಜೆ ಆಫೀಸು ಮುಚ್ಚಿರುತ್ತದೆಂದು ಅತ್ಯಂತ ವಿನಯದಿಂದ ತಿಳಿಸಿದರು. ಬೀದಿಗೊಂದು ಹೊಸ ಟ್ರಾನ್ಸ್‌ಫಾರ್ಮರ್ ಮಂಜೂರಾಗಿದೆಯೆಂದು ಮೂಗಿಗೆ ತುಪ್ಪ ಸವರಿಯೇ ಹೊರಟರು.

ಟ್ರಾನ್ಸ್‌ಫಾರ್ಮರಿಗೆ ಬದಲು ಬಿಲ್ಲಿನಲ್ಲಿ ‘ದಟ್ಟಣೆ ವೆಚ್ಚ’ ಎಂಬ ಹೊಸ ಅತಿಥಿ ಬಂತು. ಗುಡ್ಡದಾಚೆಯ ಗಾಳಿಯಂತ್ರಗಳ ಅಗ್ಗದ ಕರೆಂಟು ಊರಿಗೆ ಬರುವ ಮಾರ್ಗ ಸಂಜೆ ಕಿಕ್ಕಿರಿದು ಹೋಗುವುದಂತೆ. ಆದ್ದರಿಂದ ತಾವು ಗಾಳಿಯಂತ್ರಗಳನ್ನು ನಿಲ್ಲಿಸಿ, ಊರೊಳಗಿನ ದುಬಾರಿ ಡೀಸೆಲ್ ಸ್ಥಾವರ ಹೊತ್ತಿಸಿ, ಹೆಚ್ಚಿನ ಖರ್ಚನ್ನು ಸಂಜೆ ಕರೆಂಟು ಬಳಸುವವರ ತಲೆಗೆ ಕಟ್ಟುವುದಂತೆ. ಬೀಸುವ ಗಾಳಿಗೆ ಕೈ ಅಡ್ಡ ಹಿಡಿದು ಅದಕ್ಕೂ ಬಿಲ್ಲು ಬರೆಯಬಲ್ಲ ಈ ಪ್ರತಿಭೆಗೆ ನಾವು ತಲೆಬಾಗಿದೆವು.

ಅತ್ತಿಗೆ ಮಾತ್ರ ತಲೆಬಾಗಲಿಲ್ಲ. ಮಧ್ಯಾಹ್ನ ಹೆಚ್ಚಾಗಿ ಚೆಲ್ಲುವ ಕರೆಂಟನ್ನು ಮಧ್ಯಾಹ್ನವೇ ಬಳಸಿಬಿಟ್ಟರೆ ಸಂಜೆಯ ನೂಕುನುಗ್ಗಲು ತಪ್ಪೀತೆಂದು ಮನೆಮನೆ ಹತ್ತಿಳಿದರು. ನೀರಿನ ಪಂಪಿನವರು, ಹಿಟ್ಟಿನ ಗಿರಣಿಯವರು ಒಪ್ಪಿದರು. ಎದುರುಮನೆಯ ವೆಲ್ಡಿಂಗಿನವರು, ನಮ್ಮೆಲ್ಲರ ಕಿಡಿಯಣ್ಣ, ಗಿರಾಕಿ ಬರುವುದೇ ಸಂಜೆಯೆಂದು ಖಡಾಖಂಡಿತವಾಗಿ ಆಗದೆಂದರು. ಅತ್ತಿಗೆ ವಾದಕ್ಕಿಳಿಯದೆ ಅವರ ಗೇಟಿನ ಮೇಲೆ ಕೈಯಿಟ್ಟು ನಿಂತರು. ಕಿಡಿಯಣ್ಣ ಆ ಬಿರಿದ ಬೆರಳುಗಳನ್ನೇ ನೋಡಿ, “ಆಯ್ತಕ್ಕ, ಮಧ್ಯಾಹ್ನವೇ ಮಾಡ್ಕೋತೀನಿ ಬಿಡಿ” ಎಂದು ಕನ್ನಡಕ ಏರಿಸಿಕೊಂಡು ಒಳಗೆ ಹೋದರು. ಅಂದಿನಿಂದ ವೋಲ್ಟೇಜು ಹೇಳಿದ ಮಾತು ಕೇಳಿತು. ದಟ್ಟಣೆ ವೆಚ್ಚವೂ ಬಡಕಲಾಯಿತು.

ನಮ್ಮ ತಪ್ಪು ಅಲ್ಲೇ ಆದದ್ದು. ತಮ್ಮ ದಕ್ಷ ನಿರ್ವಹಣೆಯಿಂದ ವೋಲ್ಟೇಜು ಸುಧಾರಿಸಿರುವುದರಿಂದ ಈ ಬೀದಿಗೆ ಟ್ರಾನ್ಸ್‌ಫಾರ್ಮರ್ ಅನಗತ್ಯವೆಂದೂ, ಅದನ್ನು ತಾವು ವಾಸವಿರುವ ಅಧಿಕಾರಿ ವಸತಿಗೃಹಗಳ ಬೀದಿಗೆ ವರ್ಗಾಯಿಸಲಾಗಿದೆಯೆಂದೂ ಕಂಪನಿ ಪ್ರಕಟಿಸಿತು. ತಮಗೊಂದು ಪ್ರಶಸ್ತಿ, ಅದನ್ನು ಕೊಡುವುದಕ್ಕೆ, ಸುಧಾರಣೆಯ ಸಾಕ್ಷಿಯಾಗಿ, ನಮ್ಮ ಬೀದಿಯದೇ ಸಭಾಂಗಣ.

ಸಮಾರಂಭದ ಸಂಜೆ ಅತ್ತಿಗೆ ಬೀದಿಯವರಿಗೆ ಹೇಳಿದ್ದಿಷ್ಟೇ: “ಇವತ್ತೊಂದು ದಿನ ಮೊದಲಿನ ಹಾಗೇ ಇರೋಣ.” ಕಿಡಿಯಣ್ಣ ಬೆಸುಗೆಗೆ ಕೂತರು, ಗಿರಣಿ ಗುಡುಗಿತು, ಪಂಪುಗಳು ಎದ್ದವು. ನಾನು ಹಿಂದಿನ ಸಾಲಿನಲ್ಲಿದ್ದೆ. ‘ಮಿತಿಯೊಳಗೆ’ ಎಂಬ ಪದ ತಮ್ಮ ಬಾಯಿಂದ ಹೊರಡುವಾಗಲೇ ದೀಪಗಳು ಕೆಂಪಾಗಿ, ಮೈಕು ಕಪ್ಪೆಯಂತೆ ಒಂದು ಸಲ ವಟಗುಟ್ಟಿ ಮೌನವಾಯಿತು. ಆ ಮಬ್ಬಿನಲ್ಲಿ ತಾವು ಪ್ರಶಸ್ತಿ ಫಲಕವನ್ನು ಎದೆಗವಚಿಕೊಂಡು ನಿಂತ ಭಂಗಿ ಬಹಳ ಗಂಭೀರವಾಗಿತ್ತು.

ಇಂದು ಬೆಳಿಗ್ಗೆ ಲಾರಿಯೊಂದು ಬಂದು ಟ್ರಾನ್ಸ್‌ಫಾರ್ಮರ್ ಇಳಿಸಿಹೋಯಿತು. ಕಿಡಿಯಣ್ಣ ಅದರ ಸುತ್ತ ಒಂದು ಸುತ್ತು ಬಂದು, ನಮ್ಮ ಸೋಮಾರಿತನಕ್ಕೆ ಇಷ್ಟು ಬೆಲೆಯಿದೆಯೆಂದು ಗೊತ್ತಿದ್ದರೆ ಶ್ರಮಪಡುತ್ತಲೇ ಇರಲಿಲ್ಲ ಎಂದರು. ಇನ್ನು ಮುಂದಾದರೂ ನಮ್ಮಂಥ ಬೀದಿಗಳು ತಾವೇ ಸುಧಾರಿಸಿಕೊಳ್ಳದಂತೆ ತಾವು ಕಟ್ಟುನಿಟ್ಟಿನ ಆದೇಶ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ಮಿತಿ ಮೀರದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಕಟ್ಟಕಡೆಯ ಕಂಬದ ಲಾಂಡ್ರಿಯವಳು

ತಾ.ಕ.: ಲಾರಿ ತಂದದ್ದು ತಮ್ಮ ವಸತಿಗೃಹಗಳ ಬೀದಿಗೆ ಹೋಗಿದ್ದ ಅದೇ ಟ್ರಾನ್ಸ್‌ಫಾರ್ಮರ್ ಎಂದು ಚಾಲಕರಿಂದ ತಿಳಿಯಿತು. ಇನ್ನು ಸಂಜೆಯ ಹೊತ್ತು ತಮ್ಮ ಮನೆಯ ಒಗೆಯುವ ಯಂತ್ರ ತಿರುಗದಿದ್ದರೆ ಮನೆಯವರು ಚಿಂತಿಸುವುದು ಬೇಡ, ಬಟ್ಟೆಯನ್ನು ನಮ್ಮಲ್ಲಿಗೆ ಕಳಿಸಲಿ. ಒಗೆತಕ್ಕೆ ಎಲ್ಲರಿಗೂ ಒಂದೇ ದರ. ದಟ್ಟಣೆ ವೆಚ್ಚ ಪ್ರತ್ಯೇಕ.