ಹಲಗೆಯ ಮೇಲೆ ಕೂರಬೇಡಿ

ತಾಳ್ಮೆಯಿಲ್ಲದವನು ಮರದ ಸಹವಾಸಕ್ಕೆ ಹೋಗಬಾರದು. ಇದನ್ನು ನನಗೆ ಹೇಳಿದವರು ಬೇಕಾದಷ್ಟು ಮಂದಿ; ಕೇಳದವನು ನಾನೊಬ್ಬನೇ. ಪಿರಿಯಾಪಟ್ಟಣದ ನಮ್ಮ ಮನೆಯ ಹಿಂಬಾಗಿಲನ್ನು ಗೆದ್ದಲು ತಿಂದು, ಚಿಲಕ ಹಾಕಲು ಹೋದರೆ ಚಿಲಕವೇ ಕೈಗೆ ಬರುತ್ತಿತ್ತು. ಹಿಂದೆ ಭದ್ರವಿಲ್ಲದ ಇಂಥ ಮನೆ ಬಿಟ್ಟು ಹಾರನಹಳ್ಳಿಯ ತವರಿಗೆ ಹೋಗಲು ನನ್ನ ಹೆಂಡತಿ ಒಪ್ಪಲಿಲ್ಲ. ಮಗಳು ಬರಲಿಲ್ಲವೆಂದು ಮಾವನವರೇ ಬಂದು ನಮ್ಮಲ್ಲಿ ಠಿಕಾಣಿ ಹೂಡಿದರು.

ಹೊಲದ ಹಲಸಿನ ಮರ ಕುಯ್ಯಿಸಿ ಹಲಗೆ ತಂದೆ. ಬಡಗಿ ಆಚಾರಿ ನೋಡಿ, "ಇನ್ನೂ ಹಸಿ ಅದೆ ಕಣಣ್ಣ. ಈಗ್ಲೇ ಬಾಗ್ಲು ಮಾಡುದ್ರೆ ಸೊಟ್ಟಗಾಯ್ತದೆ. ನೆರಳಲ್ಲಿ ಜೋಡ್ಸಿ, ಗಾಳಿ ಆಡಂಗೆ ನಡುವೆ ರೀಪಿನ ಪಟ್ಟಿ ಕೊಡಿ, ಬಾಗದಂಗೆ ಮೇಲೆ ಭಾರ ಏರ್ಸಿ. ಬ್ಯಾಸ್ಗೆ ಕಳೀಲಿ" ಎಂದ. ಎದುರುಮನೆಯ ಸಿದ್ದಣ್ಣ ಮಾತ್ರ, "ಅಲ್ಲೀಗಂಟ ಯಾಕ್ಲಾ ಕಾಯ್ತೀಯ? ನಮ್ ಬ್ಯಾರನ್ ಮನೇಲಿ ಬೆಂಕಿ ಕಾವಿಗೆ ಹಾಕು. ಹೊಗೆಸೊಪ್ಪೇ ವಾರದಲ್ಲಿ ಬೇಯ್ತದೆ" ಎಂದ. ಬಾಗಿಲು ಸೇದುವ ವಸ್ತುವಲ್ಲವೆಂದು ಹೇಳಿ ಕಳಿಸಿದೆ.

ಜಗಲಿಯ ಮೇಲೆ ಹಲಗೆ ಜೋಡಿಸಿದೆ. ಮೇಲಿಡಲು ಹಿತ್ತಲಿನ ಒರಳುಕಲ್ಲು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಭಾರದ ವಿಷಯವನ್ನು ನಾಳೆಗೆ ಬಿಟ್ಟೆ. ಮರುದಿನ ನೋಡಿದರೆ ಬೀದಿಗೆಲ್ಲ ಹೊಸ ಬೆಂಚು ಬಂದಂತಾಗಿತ್ತು. ಹೊಗೆಸೊಪ್ಪಿನ ರೇಟು ಮಾತಾಡುವವರು, ಬಸ್ಸಿಗೆ ಕಾಯುವವರು, ಸುಮ್ಮನೆ ಎಲೆಅಡಿಕೆ ಹಾಕುವವರು, ಎಲ್ಲರೂ ಅದರ ಮೇಲೇ. ನನಗೆ ಮೈಯೆಲ್ಲ ಉರಿಯಿತು. ನನ್ನ ಬಾಗಿಲನ್ನು ಹುಟ್ಟುವ ಮೊದಲೇ ಸವೆಸುತ್ತಾರಲ್ಲ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದೆ. "ಮರಕ್ಕೇನ್ಲಾ ನೋವಾಯ್ತದಾ?" ಎಂದು ಸಿದ್ದಣ್ಣ ಮುನಿಸಿಕೊಂಡು ಹೋದ. ಎಬ್ಬಿಸಲಾಗದೆ ಉಳಿದವರು ಮಾವ. ಹೆಣ್ಣು ಕೊಟ್ಟವರಿಗೆ ಏಳಿ ಎನ್ನಲು ಬಾಯಿ ಬರುತ್ತದೆಯೇ? ಅವರ ತಿಂಡಿ, ತೂಕಡಿಕೆ ಎಲ್ಲ ಹಲಗೆಯ ಒಂದು ತುದಿಯಲ್ಲೇ ನಡೆಯಿತು.

ಬೇಸಿಗೆ ಕಳೆದು ಆಚಾರಿ ಬಂದ. ಮೇಲಿನ ಹಲಗೆಗಳು ಮಾವನ ತುದಿಯಲ್ಲಿ ಮಟ್ಟಸವಾಗಿದ್ದವು, ಇನ್ನೊಂದು ತುದಿಯಲ್ಲಿ ಮೊರದಂತೆ ಬಾಗಿದ್ದವು.

"ಭಾರ ಏರ್ಸಿ ಅಂದಿದ್ನಲ್ಲಣ್ಣ."

"ಊರೋರೆಲ್ಲ ಬಂದು ಏರುದ್ರು. ಇವ್ರೇ ಎಬ್ಸಿ ಕಳ್ಸುದ್ರು" ಎಂದಳು ಹೆಂಡತಿ.

ಅಡಿಯ ಹಲಗೆಗಳು ನೆಟ್ಟಗಿದ್ದರೂ ಇನ್ನಷ್ಟು ಒಣಗಬೇಕಿತ್ತು. ಮಾನ ಬಿಟ್ಟು ಸಿದ್ದಣ್ಣನನ್ನು ಕೂರಲು ಕರೆದೆ. "ನಿನ್ ಹಲಗೆ ಸವೆದೋಯ್ತದೆ, ಬುಡ್ಲಾ" ಎಂದು ಅವನು ತಿರುಗಿಯೂ ನೋಡಲಿಲ್ಲ.

ಮರುದಿನ ಹೆಂಡತಿ ಆ ಹಲಗೆಗಳನ್ನು ಹಿಂಬಾಗಿಲ ಒಳಗಡೆಗೆ ಹೊರಿಸಿ, ಅಡ್ಡಲಾಗಿ ಜೋಡಿಸಿ, ಬ್ಯಾಗು ಹಿಡಿದು ನಿಂತಳು. "ಅಪ್ಪನ್ ಜೊತೆ ಊರಿಗೋಗಿ ಬತ್ತೀನಿ. ನೀವು ಇದ್ರ ಮ್ಯಾಲಿಂದ ಏಳ್ಬ್ಯಾಡಿ. ಭಾರಾನೂ ಆಯ್ತು, ಬಾಗ್ಲೂ ಆಯ್ತು."

ಮದುವೆಯಾದ ಮೇಲೆ ಅವಳು ನನ್ನನ್ನು ನಂಬಿ ಒಂದು ಕೆಲಸ ವಹಿಸಿದ್ದು ಇದೇ ಮೊದಲು. ಕೂತಿದ್ದೇನೆ.