ಬಾಮೈದನ ಬಸವನಹುಳು, ನನ್ನ ಗುಂಡಿ ಸಾಮ್ರಾಜ್ಯ

"ಈ ಸಲದ ಅನುದಾನ ನನ್ನದೇ! ಬೇಕಾದ್ರೆ ಬರೆದಿಟ್ಕೋ!"

ಕತ್ತರಿಯನ್ನು ಖಡ್ಗದಂತೆ ಎತ್ತಿ ನಾನು ಘೋಷಿಸಿದರೆ, ಹೆಂಡತಿ ತಲೆಯನ್ನೂ ಎತ್ತಲಿಲ್ಲ.

"ಮೊದ್ಲು ಎದುರುಮನೆಯವರ ಪ್ಯಾಂಟಿಗೆ ಜಿಪ್ಪು ಹಾಕಿ. ಪಾಪ, ಮೂರು ದಿನದಿಂದ ಹೊರಗೇ ಬಂದಿಲ್ಲ."

ನಾನು ದರ್ಜಿ. ನಮ್ಮ ಬೀದಿಯ ಸೊಂಟಗಳ ಸುತ್ತಳತೆಯೆಲ್ಲ ನನಗೆ ಬಾಯಿಪಾಠ. ಯಾರ ಏಳಿಗೆ ಕಂಡೂ ಹೊಟ್ಟೆಕಿಚ್ಚುಪಟ್ಟವನಲ್ಲ, ಬಾಮೈದನೊಬ್ಬನನ್ನು ಬಿಟ್ಟು! ಅವನು ಕಡಿದು ಕಟ್ಟೆ ಹಾಕಿದ್ದಾದರೂ ಏನು? ಬಸವನಹುಳುಗಳ ಓಟದ ಒಂದು ವಿಡಿಯೋ ಗೇಮ್. ಅದೂ ಬ್ಲಾಕ್‌ಚೈನ್ ಮೇಲೆ. ಅಂದರೆ, ಆಟದಲ್ಲಿ ನೀವು ಸಾಕಿದ ಹುಳು ನಿಮ್ಮದೇ ಎಂಬ ದಾಖಲೆ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಕೂತಿರುತ್ತದೆ. ಯಾರಪ್ಪನಿಂದಲೂ ಅಳಿಸಲಾಗದು! ಇಂಥ ಆಟಗಳ ಅಭಿಮಾನಿಗಳೆಲ್ಲ ಸೇರಿ ಒಂದು ನಿಧಿ ಮಾಡಿಕೊಂಡು, ತಾವೇ ಓಟು ಹಾಕಿ, ಗೆದ್ದ ಆಟಕ್ಕೆ ಅನುದಾನ ಕೊಡುತ್ತಾರೆ. ಕಳೆದ ಸಲ ಬಾಮೈದನಿಗೆ ಕೊಟ್ಟರು; ಆ ಖುಷಿಗೆ ನನ್ನ ಹೆಂಡತಿಯೂ ಆ ನಿಧಿಗೆ ಸದಸ್ಯೆಯಾದಳು. ಅಂದಿನಿಂದ ನನ್ನ ಮನೆಯಲ್ಲಿ ನಾನೇ ಬಾಡಿಗೆದಾರ.

"ನನ್ನ ತಮ್ಮ ಹೇಗೆ ಮೇಲೆ ಬಂದ, ನೋಡಿದ್ರಾ?"

"ಎಲ್ಲರ ತಲೆಗೂ ಹುಳ ಬಿಟ್ಟು ಬಂದ."

"ನಿಮಗೆ ಹೊಟ್ಟೆಯುರಿ."

"ಉರಿಯಲ್ಲ ಕಣೇ, ಗ್ಯಾಸು!"

ಅವನು ಮತ್ತೆ ಅರ್ಜಿ ಹಾಕುತ್ತಿದ್ದಾನೆಂದು ತಿಳಿದದ್ದೇ ತಡ, ನಾನೂ ಒಂದು ಆಟ ಯೋಚಿಸಿದೆ. ಹೆಸರು 'ಗುಂಡಿ ಸಾಮ್ರಾಜ್ಯ'. ಆಟಗಾರರು ಅಪರೂಪದ ಗುಂಡಿಗಳನ್ನು ಕೂಡಿಸಿ ಚಕ್ರವರ್ತಿಗಳಾಗಬೇಕು!

"ಅಂಗಿ ಗುಂಡಿನೋ, ರಸ್ತೆ ಗುಂಡಿನೋ?" ಎಂದಳು ಹೆಂಡತಿ.

ಅರ್ಜಿ ತುಂಬುವುದು ನನಗೆ ಬಾರದು. ಲಜ್ಜೆಗೆಟ್ಟು ಬಾಮೈದನನ್ನೇ ಕರೆಸಿದೆ. ಆ ಪುಣ್ಯಾತ್ಮ ಓಡಿ ಬಂದ. "ಭಾವ, ನೀವೂ ಹಾಕ್ತೀರಾ? ತುಂಬಾ ಖುಷಿ!" ಎಂದು ಖಾತೆ ತೆರೆದು, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡ ನನ್ನ ಫೋಟೋ ಅಂಟಿಸಿ, ಎಲ್ಲ ಮುಗಿಸಿಕೊಟ್ಟ. ಅವನ ಒಳ್ಳೆಯತನ ಕಂಡು ನನಗೆ ಇನ್ನಷ್ಟು ಉರಿಯಿತು!

ಓಟಿನ ದಿನ ಬಂತು. ಪ್ರತಿ ಆಟದ ಕೆಳಗೂ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ನಾನು ಖಾತೆಯ ಹೆಸರನ್ನು 'ನಿಷ್ಪಕ್ಷಪಾತಿ' ಎಂದು ಬದಲಿಸಿಕೊಂಡು, ಬಾಮೈದನ ಆಟದ ಕೆಳಗೆ ಕುಟ್ಟಿದೆ: "ಈ ಆಟ ಆಡಿದರೆ ಹುಳುವಿಗೂ ನಿದ್ದೆ ಬರುತ್ತದೆ. ಅದರ ಬದಲು ಗುಂಡಿ ಸಾಮ್ರಾಜ್ಯ ನೋಡಿ. ಅದರ ಕರ್ತೃವಾದ ದರ್ಜಿ ಶತಮಾನಕ್ಕೊಬ್ಬ ಮೇಧಾವಿ! ನೋಡಲೂ ಲಕ್ಷಣವಾಗಿದ್ದಾನಂತೆ."

ಕಳುಹಿಸಿ, ಮೀಸೆ ತಿರುವಿ, ಪರದೆ ನೋಡಿದೆ. ಹೆಸರೇನೋ ನಿಷ್ಪಕ್ಷಪಾತಿ. ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದವನು ಮಾತ್ರ ನಾನೇ, ಅಳತೆಪಟ್ಟಿ ಸಮೇತ!

ಅಳಿಸಲು ಹೊರಟೆ. ಅಳಿಸುವ ದಾರಿಯೇ ಇಲ್ಲ. ಕೊನೆಗೆ ಯಾರಿಗೆ ಫೋನ್ ಮಾಡಬೇಕು, ಹೇಳಿ? ಅವನಿಗೇ!

"ಒಬ್ಬರು... ನನಗೆ ಪರಿಚಯದವರು... ಏನೋ ಬರೆದುಬಿಟ್ಟಿದ್ದಾರಂತಪ್ಪ. ತೆಗೆಯೋಕಾಗುತ್ತಾ?"

"ಓದಿದೆ ಭಾವ," ಎಂದ ಬಾಮೈದ, ನಗು ತಡೆದುಕೊಂಡು. "ತೆಗೆಯೋಕಾಗಲ್ಲ. ಅದೂ ಬ್ಲಾಕ್‌ಚೈನ್ ಮೇಲೇ ಕೂತಿದೆ. ನಿಮ್ಮ ಮೊಮ್ಮಕ್ಕಳೂ ಓದಬಹುದು."

ಸಂಜೆ ಫಲಿತಾಂಶ ಬಂತು. ಬಸವನಹುಳುವಿಗೆ ನಾನೂರ ಹದಿನೆಂಟು ಓಟು. ಗುಂಡಿ ಸಾಮ್ರಾಜ್ಯಕ್ಕೆ ಒಂದು!

ಅರ್ಜಿ ಹಾಕಿದವರು ತಮ್ಮ ಆಟಕ್ಕೆ ತಾವೇ ಓಟು ಹಾಕುವಂತಿಲ್ಲ. ಅಂದಮೇಲೆ ಆ ಒಂದು ಓಟು ಯಾರದು? ಕೈಹಿಡಿದವಳದಲ್ಲದೆ ಇನ್ನಾರದು! ಅಡುಗೆಮನೆಗೆ ಹೋಗಿ, "ಜಗತ್ತೇ ಕೈಬಿಟ್ರೂ ನೀನು ಬಿಡಲಿಲ್ಲವಲ್ಲೇ!" ಎಂದೆ.

"ನಾನಾ? ನಾನು ತಮ್ಮನಿಗೆ ಹಾಕಿದೆ."

"ಹಾಗಾದ್ರೆ ಆ ಒಂದು?"

"ಅದು ಅವನದೇ. ತನಗೆ ತಾನು ಹಾಕ್ಕೊಳ್ಳೋ ಹಾಗಿಲ್ವಲ್ಲ, ನಿಮಗೆ ಹಾಕ್ದ."

ನಾನು ಕರಗಿ ನೀರಾದೆ. ಅಷ್ಟೆಲ್ಲ ಬರೆದ ಮೇಲೂ! "ಅವನಾದ್ರೂ ನನ್ನ ಪ್ರತಿಭೆ ಗುರುತಿಸಿದ ನೋಡು," ಎಂದು ಕಣ್ಣೊರೆಸಿಕೊಂಡೆ.

ಹೆಂಡತಿ ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ಪ್ರತಿಭೆನೂ ಇಲ್ಲ, ಗಿತಿಭೆನೂ ಇಲ್ಲ. 'ಭಾವನಿಗೆ ಸೊನ್ನೆ ಬಂದ್ರೆ ಮನೇಲಿ ನಿನ್ನ ಜೀವ ತಿಂತಾರೆ, ಅಕ್ಕಾ' ಅಂದ!"